ಮರವಿಲ್ಲದ ದೊಡ್ಡ ಭಾವ ಮಿಷನ್ ಕೊಂಡದ್ದು

ನಮ್ಮ ದೊಡ್ಡ ಭಾವನಿಗೆ ಹೊಟ್ಟೆಕಿಚ್ಚು ಎಂದರೇನೆಂದೇ ಗೊತ್ತಿಲ್ಲ ಎಂದು ದೊಡ್ಡಕ್ಕ ಇವತ್ತಿಗೂ ಎಲ್ಲರ ಮುಂದೆ ಹೇಳುತ್ತಾಳೆ. ಕಟ್ಟಿಕೊಂಡವಳು, ಹೇಳಲೇಬೇಕು. ನಾನು ಬಾಮೈದ, ನನಗೆ ಅಂಥ ದಾಕ್ಷಿಣ್ಯವೇನಿಲ್ಲ. ಒಂದು ಬೆತ್ತದ ಕುರ್ಚಿಯ ದೆಸೆಯಿಂದ ಆ ಮನುಷ್ಯ ಹೇಗೆ ಒಳಗೊಳಗೇ ಬೆಂದರು, ಬೇಯುತ್ತಲೇ ಹೇಗೆ ಮರ ಕುಯ್ಯುವ ಮಿಷನ್ ಕೊಂಡರು ಎಂಬುದನ್ನು ಪಕ್ಕದಲ್ಲೇ ನಿಂತು ನೋಡಿದವನು ನಾನು. ಅವರ ಮೇಲೆ ನನಗೆ ಪ್ರೀತಿ ಇಲ್ಲವೆಂದಲ್ಲ. ಪ್ರೀತಿ ಇದ್ದವರ ಬಗ್ಗೆಯೇ ಇಷ್ಟು ಬಿಡಿಸಿ ಹೇಳಲು ಮನಸ್ಸು ಬರುವುದು.

ದೊಡ್ಡ ಭಾವನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಒಂದು ಕಡೆ ಕನ್ನಡಕದ ಅಂಗಡಿ, ಇನ್ನೊಂದು ಕಡೆ ಬೀಗದ ಕೈ ಮಾಡುವವನು, ನಡುವೆ ಒಂದು ಮಂಚ ಹಾಕಿದರೆ ಬಾಗಿಲು ಮುಚ್ಚಲಾಗದಷ್ಟು ಜಾಗ. ಮೇಲಿನ ಮಹಡಿಯಲ್ಲೇ ಮನೆ. ಮದುವೆಯ ಫೋಟೋ, ಪದವಿ ಪತ್ರ, ತೀರಿಕೊಂಡವರ ಮುಖ, ಯಾರೋ ಮಗು ಬಿಡಿಸಿದ ಬಾತುಕೋಳಿ, ಎಲ್ಲವೂ ಅವರ ಮೇಜಿನ ಮೇಲೆ ಹಾದು ಗೋಡೆಗೆ ಹೋಗಬೇಕು. ಮರದ ಪಟ್ಟಿಯ ತುದಿಯನ್ನು ನಲವತ್ತೈದು ಡಿಗ್ರಿಗೆ ಓರೆಯಾಗಿ ಕುಯ್ಯುವುದು, ಎರಡು ಓರೆಗಳನ್ನು ಕೂಡಿಸಿ ಒಂದು ಮೂಲೆ ಮಾಡುವುದು, ಅಂಥ ನಾಲ್ಕು ಮೂಲೆಗಳೊಳಗೆ ಜನರ ಬದುಕನ್ನು ಕೂರಿಸುವುದು. ವರ್ಷಗಟ್ಟಲೆ ಇದನ್ನೇ ಮಾಡಿ ಅವರ ಕಣ್ಣಿಗೆ ಆ ಓರೆ ಅಂಟಿಕೊಂಡುಬಿಟ್ಟಿದೆ. ಬ್ರೆಡ್ಡನ್ನೂ ಅದೇ ಓರೆಯಲ್ಲಿ ಕತ್ತರಿಸುತ್ತಾರೆ, ಟವೆಲನ್ನೂ ಅದೇ ಓರೆಯಲ್ಲಿ ಮಡಿಸುತ್ತಾರೆ. ಯಾರ ಮನೆಗೆ ಹೋದರೂ ಕೂರುವ ಮೊದಲು ಗೋಡೆಯ ಫೋಟೋಗಳನ್ನು ಬೆರಳ ತುದಿಯಿಂದ ನೆಟ್ಟಗೆ ಮಾಡುತ್ತಾರೆ. ಸಾವಿನ ಮನೆಯಲ್ಲೂ ಮಾಡಿದ್ದನ್ನು ನಾನು ಕಂಡಿದ್ದೇನೆ.

ಅವರು ಬೆಳೆದದ್ದು ಸೋದರಮಾವನ ಮನೆಯಲ್ಲಿ. ಆ ಮನೆಯಲ್ಲಿ ಯಾರೂ ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ಹೊಟ್ಟೆಗೂ ಕಡಿಮೆ ಮಾಡಲಿಲ್ಲ. ಆದರೆ ಊಟಕ್ಕೆ ಎಲ್ಲರೂ ಕೂತಾದ ಮೇಲೆ ಎಲ್ಲಿ ಜಾಗ ಉಳಿದಿದೆಯೋ ಅಲ್ಲಿ ಇವರು ಕೂರಬೇಕಿತ್ತು. ಒಂದು ದಿನ ಬಾಗಿಲ ಪಕ್ಕ, ಒಂದು ದಿನ ಅಕ್ಕಿ ಮೂಟೆಯ ಮೇಲೆ. ಗಾಜು ಕತ್ತರಿಸುತ್ತ ಒಮ್ಮೆ ನನಗೆ ಹೇಳಿದ್ದರು, "ಆ ಮನೇಲಿ ನಂಗೆ ಎಲ್ಲಾ ಇತ್ತು ಕಣೋ, ಇದು ನಿನ್ನ ಜಾಗ ಅನ್ನೋದೊಂದು ಇರಲಿಲ್ಲ." ಹೇಳಿ ಗಾಜನ್ನು ಪಟ್ಟೆಂದು ಮುರಿದಿದ್ದರು.

ಅಂಥವರಿಗೆ ಜಾಗ ಸಿಕ್ಕಿದ್ದು ನಮ್ಮ ಮನೆಯಲ್ಲಿ, ಅಪ್ಪನ ಬೆತ್ತದ ಕುರ್ಚಿಯಲ್ಲಿ. ಅಪ್ಪ ತೀರಿಕೊಂಡ ಮೇಲೆ ಆ ಕುರ್ಚಿ ಹಿತ್ತಲ ಬಾಗಿಲ ಬಳಿ ಸುಮ್ಮನೆ ಇತ್ತು. ಅದರ ಒಂದು ಕೈ ಕಳಚಿತ್ತು. ಹೊಸ ಅಳಿಯ ಯಾರೂ ಹೇಳದೆ ಅದನ್ನು ಅಂಗಡಿಗೆ ಹೊತ್ತುಕೊಂಡು ಹೋಗಿ, ಕೈ ಕೂಡಿಸಿ, ಬೆತ್ತ ಬಿಗಿದು ತಂದಿಟ್ಟರು. ಅಮ್ಮ ಕುರ್ಚಿಯನ್ನು ಒಮ್ಮೆ ಸವರಿ, "ನೀವೇ ಕೂತು ನೋಡಿ, ಗಟ್ಟಿ ಇದೆಯಾ ಅಂತ" ಎಂದಳು. ಭಾವ ಕೂತರು. ಅಮ್ಮ ಕಾಫಿ ತಂದು ಕೈಗೆ ಕೊಟ್ಟಳು. ಅಷ್ಟೇ. ಆಮೇಲೆ ನಲ್ಲಿ ಸೋರಿದರೆ, ಬಾಗಿಲು ನೆಲಕ್ಕೆ ಉಜ್ಜಿದರೆ, ಹಿತ್ತಲ ಬೆಣ್ಣೆಹಣ್ಣಿನ ಮರದ ಕೊಂಬೆ ಬಟ್ಟೆ ಒಣಗಿಸುವ ತಂತಿಗೆ ತಾಗಿದರೆ, ಅಮ್ಮ ಫೋನು ಮಾಡಿ "ಬಿಡುವಾದಾಗ ಒಂದ್ಸಲ ಬಂದು ಹೋಗಿ" ಎನ್ನುವಳು. ಭಾವನಿಗೆ ಆ ಕ್ಷಣವೇ ಬಿಡುವಾಗುತ್ತಿತ್ತು. ಗರಗಸವನ್ನು ಹಳೆ ಪೇಪರಿನಲ್ಲಿ ಸುತ್ತಿಕೊಂಡು ಬಂದು, ಕೆಲಸ ಮುಗಿಸಿ, ಕುರ್ಚಿಯಲ್ಲಿ ಕೂತು ಕಾಫಿ ಕುಡಿದು ಹೋಗುವರು.

ಮನೆಮಗ ನಾನು ಇರಲಿಲ್ಲವೇ ಎಂದು ಕೇಳಬಹುದು. ಇದ್ದೆ. ಬಸ್ ಡಿಪೋದಲ್ಲಿ ಯಾವ ಗಾಡಿಗೆ ಯಾವ ಡ್ರೈವರ್ ಎಂದು ಹಂಚುವ ಕೆಲಸ ನನ್ನದು. ಬಲ ಭುಜ ಒಮ್ಮೆ ಕಳಚಿ ಕೂಡಿಕೊಂಡದ್ದರಿಂದ ಅಮ್ಮ ನನ್ನನ್ನು ತುಂಬಿದ ಬಕೆಟ್ ಎತ್ತಲೂ ಬಿಡುವುದಿಲ್ಲ. ಅಪ್ಪನ ಕುರ್ಚಿಯಲ್ಲಿ ಕೂತು ನೋಡು ಎಂದು ನನಗೆ ಯಾರೂ ಹೇಳಿಲ್ಲ. ನಾನು ಕಿಟಕಿ ಕಟ್ಟೆಯ ಗಿರಾಕಿ. ಈ ಕಥೆಯಲ್ಲಿ ಹೊಟ್ಟೆ ಉರಿದದ್ದು ದೊಡ್ಡ ಭಾವನಿಗೆ ಒಬ್ಬರಿಗೇ ಎಂದುಕೊಳ್ಳಬೇಡಿ ಎಂಬುದಕ್ಕೆ ಇಷ್ಟು ಹೇಳಿದೆ.

ಇನ್ನು ಚಿಕ್ಕ ಭಾವ, ಚಿಕ್ಕಕ್ಕನ ಗಂಡ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ತಮ್ಮ ಕಾಲ ಕೆಳಗೂ ಒಂದು ಬ್ರೇಕ್ ಇಟ್ಟುಕೊಂಡು ಊರೆಲ್ಲ ಸುತ್ತುವ ಕೆಲಸ. ಆಳು ದಪ್ಪ, ದನಿ ಇನ್ನೂ ದಪ್ಪ. ಯಾವ ವಿಷಯವೇ ಬರಲಿ, "ಗಾಬರಿ ಬೇಡ, ನಾನಿದ್ದೀನಿ" ಎನ್ನುವುದು ಅವರ ಬಾಯಲ್ಲಿ ಉಸಿರಿನ ಹಾಗೆ ಬರುತ್ತದೆ. ಮಾತಾಡುತ್ತ ಕೂತಾಗ ಎಲ್ಲಾದರೂ ಪಾತ್ರೆ ಬಿದ್ದರೆ ಅವರ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತದೆ.

ಅವರೊಂದು ಪೆಟ್ರೋಲ್ ಮಿಷನ್ ಕೊಂಡಿದ್ದರು, ತಮ್ಮ ಮನೆಯ ಹಿಂದಿನ ಗಿಡಗಂಟಿ ಸವರಲು. ಒಂದು ಮಧ್ಯಾಹ್ನ ಬಿರುಗಾಳಿಗೆ ನಮ್ಮ ಬೆಣ್ಣೆಹಣ್ಣಿನ ಮರದ ಕೊಂಬೆಯೊಂದು ಮುರಿದು ಹಿತ್ತಲ ಬಾಗಿಲಿಗೆ ಅಡ್ಡ ಬಿತ್ತು. ಅಮ್ಮ ಎಂದಿನಂತೆ ದೊಡ್ಡ ಭಾವನಿಗೆ ಫೋನು ಮಾಡಿದಳು. ಅವರು ಅಂಗಡಿಯಲ್ಲಿದ್ದ ಗಿರಾಕಿಯನ್ನು ಕಳಿಸಿ ಹೊರಡುವಷ್ಟರಲ್ಲಿ, ಪಾಠ ಹೇಳುತ್ತ ನಮ್ಮ ಬೀದಿಗೇ ಬಂದಿದ್ದ ಚಿಕ್ಕ ಭಾವ ಕೊಂಬೆ ನೋಡಿ, ಮನೆಗೆ ಓಡಿ ಮಿಷನ್ ತಂದು, ಭರ್ರೋ ಎಂದು ಕೊಂಬೆಯನ್ನು ತುಂಡು ತುಂಡು ಮಾಡಿ ಮುಗಿಸಿಬಿಟ್ಟರು. ನಾನು ಸಣ್ಣ ತುಂಡುಗಳನ್ನು ಗೋಡೆಯ ಪಕ್ಕ ಒಟ್ಟುತ್ತಿದ್ದೆ. ಆಗ ದೊಡ್ಡ ಭಾವ ಬಂದರು, ಕಂಕುಳಲ್ಲಿ ಪೇಪರ್ ಸುತ್ತಿದ ಗರಗಸ. ಹಿತ್ತಲ ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ಚಿಕ್ಕ ಭಾವ ಬೆತ್ತದ ಕುರ್ಚಿಯಲ್ಲಿ ಬೆನ್ನು ಈ ಕಡೆ ಮಾಡಿ ಕೂತಿದ್ದರು. ಅಮ್ಮ ಪಕ್ಕದಲ್ಲಿ ನಿಂತು ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದಳು. ಗಾಳಿ! ದೊಡ್ಡ ಭಾವನಿಗೆ ಅವಳು ಕಾಫಿ ಕೊಟ್ಟಿದ್ದಳು, ಗಾಳಿ ಹಾಕಿರಲಿಲ್ಲ.

"ಆಗೋಯ್ತಾ?" ಎಂದರು ದೊಡ್ಡ ಭಾವ.

"ಆಯ್ತು ಭಾವ" ಎಂದೆ.

"ಒಳ್ಳೇದಾಯ್ತು" ಎಂದು ಹೇಳಿ, ಒಳಗೂ ಹೋಗದೆ, ಗರಗಸವನ್ನು ಆ ಕಂಕುಳಿಂದ ಈ ಕಂಕುಳಿಗೆ ಬದಲಾಯಿಸಿ ಹೊರಟುಹೋದರು. ಗೋಡೆಯ ಮೇಲೆ ಅಪ್ಪನ ಫೋಟೋ ಓರೆಯಾಗಿತ್ತು. ಅದನ್ನು ಸರಿ ಮಾಡದೆ ಹೋದರು ಎಂದರೆ ಅವರ ಒಳಗೆ ಏನಾಗಿರಬೇಕು ನೋಡಿ.

ಮಾರನೆಯ ವಾರವೇ ನನಗೆ ಫೋನು. "ನೀನು ಫ್ರೀ ಇದ್ಯೇನೋ? ಒಂದು ಮಿಷನ್ ನೋಡ್ಬೇಕು."

"ಎಂಥ ಮಿಷನ್ ಭಾವ?"

"ಮರ ಕುಯ್ಯೋದು. ಮನೆ ಬಳಕೆಗೆ."

ಅವರ ಮನೆಯಲ್ಲಿ ಬೆಳೆಯುವುದು ಎಂದರೆ ಕಿಟಕಿಯಲ್ಲಿ ಬಾಟಲಿಯ ನೀರಿನೊಳಗೆ ಇಳಿಬಿಟ್ಟ ಒಂದು ಬಳ್ಳಿ. ಅದನ್ನು ಉಗುರಿನಿಂದ ಚಿವುಟಿದರೆ ಸಾಕು. ಆದರೂ ಹೋದೆ. ಕಟ್ಟೆಯ ಗಿರಾಕಿಗೆ ಇಂಥ ಮೋಜು ಇನ್ನೆಲ್ಲಿ ಸಿಗಬೇಕು?

ಯಂತ್ರದ ಸಾಮಾನಿನ ಅಂಗಡಿಯನ್ನು ನಡೆಸುವಾಕೆ ಮಾತಿನಲ್ಲಿ ಭಾರಿ ಚುರುಕು. ಕೌಂಟರಿನ ಮೇಲೆ ಮೊಣಕೈ ಊರಿ ಕೇಳಿದಳು, "ಏನು ಕುಯ್ಯೋಕೆ ಸರ್?"

"ಮರ."

"ಮರ ಅಂತ ಗೊತ್ತು. ಸೋಪು ಕುಯ್ಯೋಕೆ ಯಾರೂ ಇಲ್ಲಿಗೆ ಬರಲ್ಲ. ಎಷ್ಟು ದಪ್ಪದ್ದು? ವರ್ಷಕ್ಕೆ ಎಷ್ಟು ಸಲ ಕೆಲಸ ಬೀಳತ್ತೆ?"

"ನಮ್ಮ ಷಡ್ಡಕರ ಹತ್ರ ಹದಿನಾರು ಇಂಚಿಂದು ಇದೆ."

"ನಾನು ಕೇಳಿದ್ದು ನಿಮ್ಮ ಮರ ಸರ್. ಷಡ್ಡಕರ ಮಿಷನ್ ಅಲ್ಲ."

"ಅವರಿಗೆ ಮರ ಇಲ್ಲ" ಎಂದೆ ನಾನು. ಭಾವ ನನ್ನತ್ತ ನೋಡಿದ ನೋಟಕ್ಕೆ ನಾನು ಅಲ್ಲೇ ತೂಗುಹಾಕಿದ್ದ ನೀರಿನ ಪೈಪುಗಳನ್ನು ಎಣಿಸತೊಡಗಿದೆ.

ಆಕೆ ನಗಲಿಲ್ಲ, ಅದು ಆಕೆಯ ದೊಡ್ಡಗುಣ. ಮೂರು ಬಗೆಯ ಮಿಷನ್‌ಗಳನ್ನು ತೆಗೆದು ಸಾಲಾಗಿ ಇಟ್ಟಳು. ಒಂದು ಕರೆಂಟಿನದು: ಹಗುರ, ಕೈಗೆ ಸುಲಭ, ಆದರೆ ವೈರು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಮಾತ್ರ, ಆ ವೈರನ್ನೇ ಕುಯ್ದುಕೊಂಡವರೂ ಇದ್ದಾರೆ. ಇನ್ನೊಂದು ಪೆಟ್ರೋಲಿನದು: ಎಲ್ಲಿಗೆ ಬೇಕಾದರೂ ಒಯ್ಯಬಹುದು, ದಪ್ಪ ಮರಕ್ಕೂ ಹೆದರುವುದಿಲ್ಲ, ಆದರೆ ಭಾರ, ಹೊಗೆ, ಪೆಟ್ರೋಲಿಗೆ ಆಯಿಲ್ ಬೆರೆಸುವ ರಗಳೆ, ಹಗ್ಗ ಎಳೆದೂ ಎಳೆದೂ ಸ್ಟಾರ್ಟ್ ಮಾಡಬೇಕು, ತಿಂಗಳುಗಟ್ಟಲೆ ಸುಮ್ಮನೆ ಇಟ್ಟರೆ ಒಳಗೆಲ್ಲ ಅಂಟು ಕಟ್ಟಿಕೊಂಡು ಮುನಿಸಿಕೊಳ್ಳುತ್ತದೆ. ಮೂರನೆಯದು ಬ್ಯಾಟರಿಯದು.

"ಮನೆ ಹಿತ್ತಲಿಗೆ ಇದು ಸಾಕು ಸರ್. ಚೈನು ಓಡೋ ಪಟ್ಟಿ ಹನ್ನೆರಡು ಇಂಚಿಂದು. ಗುಂಡಿ ಒತ್ತಿದ್ರೆ ಓಡತ್ತೆ, ಬಿಟ್ರೆ ನಿಲ್ಲತ್ತೆ. ಒಮ್ಮೆ ಹಿಡಿದು ನೋಡಿ."

ಭಾವ ಹಿಡಿದು ನೋಡಿದರು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಹೆಬ್ಬೆರಳು ತಾನಾಗಿ ತನ್ನ ಜಾಗ ಹುಡುಕಿಕೊಂಡಿತು, ಮಣಿಕಟ್ಟು ಸಡಿಲವಾಯಿತು. ಅವರಿಗೆ ಅದು ಇಷ್ಟವಾಗಿತ್ತು, ನೂರಕ್ಕೆ ನೂರು ಇಷ್ಟವಾಗಿತ್ತು. ಅದನ್ನೇ ಕಟ್ಟಿಸಿಕೊಂಡು ಬಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

"ಹನ್ನೆರಡು ಅಂದ್ರಾ?" ಎಂದು ಕೇಳಿ, ಅದನ್ನು ಮೆಲ್ಲಗೆ ಕೆಳಗಿಟ್ಟರು. "ಪೆಟ್ರೋಲಿಂದು, ಹದಿನೆಂಟು ಇಂಚಿಂದು ಇದೆಯಾ?"

ಆಕೆ ನನ್ನ ಮುಖ ನೋಡಿದಳು. ನಾನು ಪೈಪು ನೋಡಿದೆ.

"ಅಷ್ಟುದ್ದ ಯಾಕೆ ಸರ್? ಉದ್ದ ಆದಷ್ಟೂ ಹಿಡಿತ ಕಷ್ಟ. ಪಟ್ಟಿಯ ತುದಿ ಮರಕ್ಕೆ ತಾಗಿಬಿಟ್ರೆ ಮಿಷನ್ ನಿಮ್ಮ ಮುಖಕ್ಕೇ ಎಗರತ್ತೆ."

"ನಮ್ಮ ಷಡ್ಡಕರಿಗೆ ಎಗರಿಲ್ಲ."

ಅಲ್ಲಿಗೆ ಆಕೆ ಕೈ ಚೆಲ್ಲಿದಳು. ಹದಿನೆಂಟು ಇಂಚಿನ ಪೆಟ್ರೋಲ್ ಮಿಷನ್ ಡಬ್ಬಿ ಸಮೇತ ಕೌಂಟರಿನ ಮೇಲೆ ಬಂತು. ಚಿಕ್ಕ ಭಾವ ಕೈಗವಸು ಹಾಕುವುದಿಲ್ಲ ಎಂಬುದು ನೆನಪಾಗಿ ಭಾವ ಕೈಗವಸು ಕೊಂಡರು, ಅವರು ಹೆಲ್ಮೆಟ್ ಹಾಕುವುದಿಲ್ಲ ಎಂದು ಹೆಲ್ಮೆಟ್ಟನ್ನೂ ಕೊಂಡರು. ಹೊಟ್ಟೆಕಿಚ್ಚಿನಿಂದ ಆದ ಒಂದೇ ಒಳ್ಳೆಯ ಕೆಲಸ ಅದು. ಬಿಲ್ಲು ಹರಿದು ಕೊಡುತ್ತ ಆಕೆ ಕೊನೆಯ ಮಾತು ಹೇಳಿದಳು, "ಚೈನು ಹೊಸದು ಸರ್, ಹಾಗೇ ಕುಯ್ಯತ್ತೆ. ಮೊಂಡಾದ್ಮೇಲೆ ತನ್ನಿ, ಹಲ್ಲಿಗೆ ಸಾಣೆ ಹಿಡಿದು ಕೊಡ್ತೀವಿ. ಅಲ್ಲೀವರೆಗೆ ಮುಟ್ಟಬೇಡಿ."

ಮುಟ್ಟಬೇಡಿ ಎಂದು ಯಾರಿಗೆ ಹೇಳಿದಳು! ಇನ್ನೊಬ್ಬರು ಸಾಣೆ ಹಿಡಿದ ಹಲ್ಲಿನ ಮೇಲೆ ದೊಡ್ಡ ಭಾವ ಜನ್ಮದಲ್ಲಿ ನಂಬಿಕೆ ಇಟ್ಟವರಲ್ಲ. ಹೊಸ ಗರಗಸ ತಂದರೂ ಮೊದಲು ಅರ ತೆಗೆದುಕೊಂಡು ಒಂದೊಂದೇ ಹಲ್ಲನ್ನು ತಮ್ಮ ಮನಸ್ಸಿಗೆ ತಕ್ಕಂತೆ ಉಜ್ಜಿದ ಮೇಲೆಯೇ ಕೆಲಸಕ್ಕೆ ಇಳಿಸುವುದು ಅವರ ಪದ್ಧತಿ. ಆ ಸಂಜೆ ನಾನು ಅಂಗಡಿಗೆ ಹೋದಾಗ ಮಿಷನ್ನಿನ ಚೈನು ಮೇಜಿನ ಮೇಲೆ ಬಿಚ್ಚಿಕೊಂಡು ಮಲಗಿತ್ತು. ಭಾವ ಕಣ್ಣಿಗೆ ಕನ್ನಡಕ ಏರಿಸಿ ಅರ ಆಡಿಸುತ್ತಿದ್ದರು.

"ನೋಡೋ ಇಲ್ಲಿ. ಇಷ್ಟು ದೊಡ್ಡ ಮಿಷನ್ ಮಾಡ್ತಾರೆ, ಇವರಿಗೆ ಓರೆ ಹಿಡಿಯೋಕೇ ಬರಲ್ಲ."

ಪ್ರತಿ ಹಲ್ಲಿನ ಬೆನ್ನ ಮೇಲೂ ಒಂದು ಸಣ್ಣ ಗೆರೆ ಇತ್ತು. ಅರವನ್ನು ಯಾವ ಓರೆಯಲ್ಲಿ ಹಿಡಿಯಬೇಕೆಂದು ಮಾಡಿದವರೇ ಹಾಕಿಟ್ಟ ಗುರುತು ಅದು. ಭಾವ ಅದನ್ನು ಗೀರು ಎಂದುಕೊಂಡಿದ್ದರು. ಅವರ ಕಣ್ಣಿಗೆ ಓರೆ ಎಂದರೆ ನಲವತ್ತೈದು. ಒಂದೂ ತಪ್ಪದಂತೆ, ಒಂದು ಕೂದಲೂ ಹೆಚ್ಚುಕಡಿಮೆಯಾಗದಂತೆ, ಅಷ್ಟೂ ಹಲ್ಲುಗಳನ್ನು ನಲವತ್ತೈದಕ್ಕೆ ತಂದು ನಿಲ್ಲಿಸಿದರು. ಹಲ್ಲುಗಳು ಬ್ಲೇಡಿನಷ್ಟು ತೆಳ್ಳಗಾಗಿ ಮಿನುಗುತ್ತಿದ್ದವು. ಪಕ್ಕದ ಕನ್ನಡಕದವನನ್ನು ಕರೆದು ತೋರಿಸಿದರು. ಅವನು "ಕಣ್ಣಿಗೆ ಹೊಡೆಯೋ ಹಾಗಿದೆ" ಎಂದ. ಭಾವ ನೆಲದಿಂದ ನಾಲ್ಕು ಬೆರಳು ಮೇಲೆ ನಡೆದರು.

ಆಮೇಲೆ ಶುರುವಾದದ್ದು ಕಾಯುವ ಕಷ್ಟ. ಮಿಷನ್ ಬಂತು, ಅಮ್ಮನ ಫೋನು ಬರಲಿಲ್ಲ. ಭಾವ ಎರಡು ದಿನಕ್ಕೊಮ್ಮೆ ನನ್ನನ್ನು ಕೇಳುವರು, "ಮರ ಹೇಗಿದೆಯೋ?" ನಾನು "ಆರೋಗ್ಯವಾಗಿದೆ ಭಾವ" ಎನ್ನುವೆ. ಅವರ ಮುಖ ಸಪ್ಪಗಾಗುವುದು.

ಕಡೆಗೊಂದು ದಿನ ಅಮ್ಮ ನನ್ನನ್ನು ಕರೆದು, ಮರದ ದೊಡ್ಡ ಕೊಂಬೆ ಬಚ್ಚಲುಮನೆಯ ತಗಡಿಗೆ ಒರಗುತ್ತಿದೆ, ಮಳೆ ಹಿಡಿಯುವ ಮೊದಲು ತೆಗೆಸಬೇಕು ಎಂದಳು. "ದೊಡ್ಡೋರಿಗೂ ಹೇಳು, ಚಿಕ್ಕೋರಿಗೂ ಹೇಳು. ದಪ್ಪ ಕೊಂಬೆ, ಒಬ್ಬರಿಂದ ಆಗಲ್ಲ."

ದೊಡ್ಡ ಭಾವನಿಗೆ ಫೋನು ಮಾಡಿದೆ. "ಬರ್ತೀನಿ" ಎಂದರು. "ಚಿಕ್ಕ ಭಾವನೂ ಬರ್ತಾರೆ" ಎಂದೆ. "ಅವರಿಗ್ಯಾಕೆ ಸುಮ್ನೆ ತೊಂದ್ರೆ?" ಎಂದರು.

ಆ ಭಾನುವಾರ ಅವರು ಎಲ್ಲರಿಗಿಂತ ಮೊದಲು ಬಂದರು. ಬಂದವರು ಮಾಡಿದ ಮೊದಲ ಕೆಲಸ, ಬೆತ್ತದ ಕುರ್ಚಿಯನ್ನು ತಾವೇ ಎತ್ತಿ ಹಿತ್ತಲಿಗೆ ತಂದು ಮರದ ನೆರಳಿನಲ್ಲಿ ಹಾಕಿದ್ದು. "ಆಮೇಲೆ ಬೇಕಾಗತ್ತೆ" ಎಂದರು. ಯಾರಿಗೆ ಎಂದು ನಾನು ಕೇಳಲಿಲ್ಲ. "ಕೊಂಬೆ ಈ ಕಡೆ ಬಿದ್ರೆ ಭಾವ?" ಎಂದೆ. "ಅದು ಆ ಕಡೆ ಬೀಳತ್ತೆ. ನಂಗೆ ಓರೆ ಗೊತ್ತಾಗಲ್ವಾ?" ಎಂದರು.

ಚಿಕ್ಕ ಭಾವ ಬಂದು ತಮ್ಮ ಷಡ್ಡಕನ ಕೈಯಲ್ಲಿದ್ದ ಮಿಷನ್ ನೋಡಿದರು, ಅದರ ಪಟ್ಟಿಯ ಉದ್ದ ನೋಡಿದರು, ಹೆಲ್ಮೆಟ್ ನೋಡಿದರು. "ಅಣ್ಣ, ಭರ್ಜರಿ!" ಎಂದರು. ಹೇಳಿದ್ದು ಮನಸಾರೆ ಅಲ್ಲ ಎಂಬುದು ಅವರ ಕಿವಿ ಕೆಂಪಾದದ್ದರಲ್ಲೇ ಗೊತ್ತಾಯಿತು. ದೊಡ್ಡ ಭಾವನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಹಗ್ಗ ಎಳೆದರು. ಮಿಷನ್ ಕೆಮ್ಮಿತು. ಮತ್ತೆ ಎಳೆದರು, ಮತ್ತೆ ಕೆಮ್ಮಿತು. ಅಕ್ಕಂದಿರಿಬ್ಬರೂ ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಎಳೆದೂ ಎಳೆದೂ ಭಾವನ ಅಂಗಿ ಬೆನ್ನಿಗೆ ಅಂಟಿದ ಮೇಲೆ ಅದು ಕಡೆಗೆ ಹೂಂಕರಿಸಿ ಎದ್ದಿತು. ಎದೆಯ ಎತ್ತರದಲ್ಲಿ ಕಾಂಡದಿಂದ ಕವಲೊಡೆದಿದ್ದ ಕೊಂಬೆಗೆ ಭಾವ ಪಟ್ಟಿ ಹಚ್ಚಿದರು. ಆಹಾ, ಮೊದಲ ಕ್ಷಣಗಳನ್ನು ನೋಡಬೇಕಿತ್ತು! ಚೈನು ಮರದೊಳಗೆ ಕಚ್ಚಿಕೊಂಡು ಇಳಿಯಿತು, ಹೊಟ್ಟು ಕಾಲ ಮೇಲೆ ಸುರಿಯಿತು. ಭಾವನ ಮುಖದಲ್ಲಿ ಗೆಲುವು. ದೊಡ್ಡಕ್ಕ ಚಿಕ್ಕಕ್ಕನ ಕಡೆಗೊಮ್ಮೆ ತಿರುಗಿ ನೋಡಿದಳು, ಸುಮ್ಮನೆ, ಏನೂ ಇಲ್ಲ ಎಂಬಂತೆ.

ಅರ್ಧ ದಾರಿಗೆ ಬರುವಷ್ಟರಲ್ಲಿ ದನಿ ಬದಲಾಯಿತು. ತೆಳ್ಳಗೆ ಉಜ್ಜಿದ್ದ ಅಂಚುಗಳು ಮಡಚಿಕೊಂಡಿದ್ದವು. ಹೊಟ್ಟಿನ ಬದಲು ಪೌಡರಿನಂಥ ಧೂಳು, ಧೂಳಿನ ಹಿಂದೆ ಹೊಗೆ. ಭಾವ ಇನ್ನಷ್ಟು ಒತ್ತಿದರು. ಕೊಂಬೆ ತನ್ನ ಭಾರಕ್ಕೆ ಮೆಲ್ಲಗೆ ಕುಸಿಯಿತು. ಕುಯ್ದ ಬಾಯಿ ಮುಚ್ಚಿಕೊಂಡು ಪಟ್ಟಿಯನ್ನು ಕಚ್ಚಿ ಹಿಡಿಯಿತು, ಮಿಷನ್ ನಿಂತಿತು. ಎಳೆದರು, ಅಲುಗಾಡಿಸಿದರು, ಬರಲಿಲ್ಲ. ಹದಿನೆಂಟು ಇಂಚೂ ಮರದ ಬಾಯೊಳಗೆ.

"ಗಾಬರಿ ಬೇಡ ಅಣ್ಣ, ನಾನಿದ್ದೀನಿ" ಎಂದರು ಚಿಕ್ಕ ಭಾವ.

ಆ ಮಾತನ್ನು ಅವರು ಅವತ್ತು ಹೇಳಬಾರದಿತ್ತು. ದೊಡ್ಡ ಭಾವ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದು, ಇಂಗು ತಿಂದ ಮಂಗನ ಹಾಗೆ ಪಕ್ಕಕ್ಕೆ ನಿಂತರು. ಚಿಕ್ಕ ಭಾವ ತಾವು ತಂದಿದ್ದ ಮಿಷನ್ನಿನಿಂದ, ಪಟ್ಟಿ ಸಿಕ್ಕಿಕೊಂಡ ಜಾಗಕ್ಕಿಂತ ಒಂದಿಷ್ಟು ಆಚೆಗೆ ಕುಯ್ದರು. ಕೊಂಬೆ ಲಟಲಟನೆ ಸೀಳಿತು, ಯಾರೂ ಎಣಿಸದ ಕಡೆಗೆ ತಿರುಚಿಕೊಂಡು, ಎಲೆಗಳ ಸಮೇತ ಬೆತ್ತದ ಕುರ್ಚಿಯ ಮೇಲೆ ಬಿತ್ತು. ಚಿಕ್ಕ ಭಾವನ ಬಲಗಾಲು ನೆಲವನ್ನು ಬಲವಾಗಿ ಒತ್ತಿತು. ಬ್ರೇಕ್ ಹತ್ತಲಿಲ್ಲ.

ದೊಡ್ಡ ಭಾವ ತಮ್ಮ ಮಿಷನ್ನಿನ ಕಡೆ ತಿರುಗಿಯೂ ನೋಡದೆ ಓಡಿಬಂದು ಮೊಣಕಾಲೂರಿ ಎಲೆಗಳನ್ನು ಸರಿಸಿದರು. ಒಂದು ಕಾಲು ಮುರಿದಿತ್ತು, ಅವರೇ ಕೂಡಿಸಿದ್ದ ಕೈ ಮತ್ತೆ ಕಳಚಿತ್ತು, ಬೆನ್ನಿನ ಚೌಕಟ್ಟು ಬಾಯಿ ಬಿಟ್ಟಿತ್ತು. ಅಮ್ಮ ಬಂದು ನೋಡಿದಳು. "ಹೋಗ್ಲಿ ಬಿಡಿ, ಮನುಷ್ಯರ ಮೇಲೆ ಬೀಳಲಿಲ್ವಲ್ಲ" ಎಂದಳು. ಆದರೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

"ನಾನು ಸರಿ ಮಾಡ್ತೀನಿ ಅತ್ತೆ" ಎಂದು ದೊಡ್ಡ ಭಾವ ಅವಳ ಬೆನ್ನಿಗೆ ಹೇಳಿದರು. ಚೂರುಗಳನ್ನು ಆಯ್ದುಕೊಂಡು ಗಾಡಿಗೆ ಕಟ್ಟುವಾಗ ಅವರ ಕಣ್ಣಲ್ಲಿ ಒಂದು ಬಗೆಯ ಸಮಾಧಾನ ಇದ್ದದ್ದು ನನಗೆ ಕಾಣದೆ ಇರಲಿಲ್ಲ. ಕುರ್ಚಿ ಇನ್ನು ಅವರ ಅಂಗಡಿಯಲ್ಲಿರುತ್ತದೆ. ಅಲ್ಲಿ ಬೇರೆ ಯಾರೂ ಕೂರುವಂತಿಲ್ಲ.

ವಾರ ಕಳೆಯಿತು, ತಿಂಗಳು ಕಳೆಯಿತು, ಕುರ್ಚಿ ಬರಲಿಲ್ಲ. ಕೇಳಿದಾಗಲೆಲ್ಲ ಒಂದೇ ಉತ್ತರ, "ಗೋಂದು ಒಣಗಿಲ್ಲ ಕಣೋ." ಹೀಗೂ ಒಣಗದ ಗೋಂದು ಯಾವುದಪ್ಪ ಎಂದು ನಾನೊಂದು ಮಧ್ಯಾಹ್ನ ಹೇಳದೆ ಹೋದೆ. ದೊಡ್ಡ ಭಾವ ಅಂಗಡಿಯ ಒಳಮೂಲೆಯಲ್ಲಿ, ಕೂದಲೆಳೆಯಷ್ಟೂ ಬಿರುಕು ಕಾಣದಂತೆ ಕೂಡಿಸಿದ ಬೆತ್ತದ ಕುರ್ಚಿಯಲ್ಲಿ ಕೂತು ಡಬ್ಬಿಯ ಊಟ ಮಾಡುತ್ತಿದ್ದರು. ನನ್ನನ್ನು ಕಂಡು ಡಬ್ಬಿಯ ಮುಚ್ಚಳ ಹಾಕಿದರು.

"ಒಣಗಿದೆಯಾ ಅಂತ ನೋಡ್ತಿದ್ದೆ" ಎಂದರು.

ನಾನು ಬಾಯಿಗೆ ಬೀಗ ಹಾಕಿಕೊಳ್ಳಬೇಕಿತ್ತು. ಹಾಕಿಕೊಳ್ಳಲಿಲ್ಲ. ಅಮ್ಮನಿಗೆ ಹೇಳಿದೆ. ಅಪ್ಪನ ಕುರ್ಚಿಯಲ್ಲಿ ಒಬ್ಬರು ಊಟ ಮಾಡುತ್ತಿದ್ದರೆ ನನಗೂ ಎಲ್ಲೋ ಚುರುಕ್ ಎನ್ನುತ್ತದೆ.

ಮಾರನೆಯ ದಿನ ಅಮ್ಮ ನನ್ನನ್ನು ಕರೆದುಕೊಂಡು ಅಂಗಡಿಗೆ ಬಂದಳು. ಭಾವ ಗಡಬಡಿಸಿ ಎದ್ದರು. ಅಮ್ಮ ನೇರ ಹೋಗಿ ಬೆತ್ತದ ಕುರ್ಚಿಯಲ್ಲಿ ಕೂತಳು. ಅವಳು ಅದರಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವಳ ಪಾದಗಳು ನೆಲಕ್ಕೆ ಪೂರ್ತಿ ಊರಲಿಲ್ಲ.

"ಗಟ್ಟಿ ಇದೆ. ಗೋಂದು ಚೆನ್ನಾಗಿ ಒಣಗಿದೆ" ಎಂದಳು.

ಭಾವ ಅರವನ್ನು ತೆಗೆದು ಇನ್ನೊಂದು ಕಡೆ ಇಟ್ಟರು.

"ಅವತ್ತು ಗಾಳಿಗೆ ಕೊಂಬೆ ಬಿದ್ದಾಗ ನೀವು ಬಾಗಿಲವರೆಗೆ ಬಂದು ಹಾಗೇ ಹೋದ್ರಂತೆ. ಇವನು ಆಮೇಲೆ ಹೇಳ್ದ. ಯಾಕೆ ಹೋದ್ರಿ ಅಂತ 'ಗೋಂದು ಒಣಗಿಲ್ಲ' ಅಂದಾಗ ಗೊತ್ತಾಯ್ತು" ಎಂದಳು ಅಮ್ಮ. "ಚಿಕ್ಕೋರು ಕುಯ್ದು ಮುಗಿಸಿ ಒಳಗೆ ಬಂದ್ರು. ಮುಖ ಬಿಳಿಚಿಕೊಂಡಿತ್ತು, ಕಾಲು ಗಡಗಡ ನಡುಗ್ತಿತ್ತು. ಮಿಷನ್ ಒಂದ್ಸಲ ಮುಖದ ಹತ್ರಕ್ಕೇ ಎಗರಿತ್ತಂತೆ. ಎಲ್ಲಿ ಬಿದ್ದುಬಿಡ್ತಾರೋ ಅಂತ ಕೈಗೆ ಸಿಕ್ಕಿದ ಕುರ್ಚಿ ಎಳೆದು ಕೂರಿಸಿದೆ. ಯಾರಿಗೂ ಹೇಳ್ಬೇಡಿ ಅತ್ತೆ ಅಂದ್ರು. ಹೇಳಲಿಲ್ಲ. ಈಗ ನಿಮ್ಮ ಸಂಕಟ ನೋಡಲಾರದೆ ಹೇಳ್ತಿದ್ದೀನಿ."

ಹಿತ್ತಲಲ್ಲೇ ಇದ್ದ ನನಗೂ ಆ ನಡುಕ ಕಂಡಿರಲಿಲ್ಲ. ದೊಡ್ಡ ಭಾವನ ಒಳಗೆ ಏನೋ ಇಳಿಯುತ್ತಿತ್ತು, ಪೂರ್ತಿ ಇಳಿಯಲಿಲ್ಲ. ಸಣ್ಣ ಮಗುವಿನ ದನಿಯಲ್ಲಿ ಕೇಳಿದರು, "ನಾನು ನಡುಗಿದ್ರೆ ಗಾಳಿ ಹಾಕ್ತಿದ್ರಾ ಅತ್ತೆ?"

"ನೀವು ನಡುಗೋ ಅಂಥ ಕೆಲಸ ನಾನು ಯಾವತ್ತಾದ್ರೂ ನಿಮಗೆ ಹೇಳಿದ್ದೀನಾ?" ಎಂದಳು ಅಮ್ಮ.

ಭಾವ ಗೋಡೆಯ ಕಡೆ ತಿರುಗಿ, ನೆಟ್ಟಗೇ ಇದ್ದ ಒಂದು ಫೋಟೋವನ್ನು ನೆಟ್ಟಗೆ ಮಾಡಿದರು.

ಎದ್ದು ಹೊರಡುವಾಗ ಅಮ್ಮ ಇನ್ನೊಂದು ಮಾತು ಹೇಳಿದಳು. "ಇಂಥದ್ದೇ ಇನ್ನೊಂದು ಮಾಡಿ. ಇದಿರೋ ಹಾಗೇ, ಜೋಡಿ. ಇಬ್ಬರು ಅಳಿಯಂದಿರು, ಒಂದು ಕುರ್ಚಿ ಇಟ್ಟುಕೊಂಡದ್ದು ನನ್ನದೇ ತಪ್ಪು."

ಮಾಡಿದರು. ಅಂಥದ್ದೇ ಮರ, ಅಂಥದ್ದೇ ಬೆತ್ತ, ಕೈಯ ಬಾಗೂ ಅದೇ. ಕಾಲುಗಳನ್ನು ಕುಯ್ಯುವ ದಿನ ನಾನು ಅಂಗಡಿಯಲ್ಲೇ ಇದ್ದೆ. ಅಳತೆಪಟ್ಟಿಯ ಮೇಲೆ ಅವರ ಹೆಬ್ಬೆರಳು ಬಂದು ನಿಂತಿತು, ಸ್ವಲ್ಪ ಯೋಚಿಸಿತು, ಅರ್ಧ ಇಂಚು ಹಿಂದಕ್ಕೆ ಸರಿಯಿತು.

"ಭಾವ, ಅಳತೆ ತಪ್ಪಿತು."

"ನಂಗಾ?" ಎಂದರು. ಗರಗಸ ಆಡಿತು.

ಅಪ್ಪನ ಕುರ್ಚಿಯ ಜೊತೆ ಹೊಸ ಕುರ್ಚಿಯೂ ಮನೆಗೆ ಬಂದ ದಿನ ಎಲ್ಲರೂ ಸೇರಿದೆವು. ಪಕ್ಕಪಕ್ಕ ಇಟ್ಟರೆ ಯಾವ ಕಣ್ಣಿಗೂ ವ್ಯತ್ಯಾಸ ಕಾಣದು. ದೊಡ್ಡ ಭಾವ ಅಪ್ಪನ ಕುರ್ಚಿಯಲ್ಲಿ, ಚಿಕ್ಕ ಭಾವ ಹೊಸದರಲ್ಲಿ. ಅರ್ಧ ಇಂಚಿನ ಎತ್ತರದಿಂದ ದೊಡ್ಡ ಭಾವ ಷಡ್ಡಕನ ನೆತ್ತಿಯನ್ನು ನೋಡುತ್ತ ಕಾಫಿ ಕುಡಿದರು. ಆ ಕಾಫಿ ಅವರಿಗೆ ಎಷ್ಟು ರುಚಿಸಿತು ಎಂದು ಹೇಳಲಾರೆ.

"ಅಣ್ಣ, ಏನು ಆರಾಮಾಗಿದೆ!" ಎಂದರು ಚಿಕ್ಕ ಭಾವ, ಕಾಲು ಚಾಚಿ. "ಪಾದ ಪೂರ್ತಿ ನೆಲಕ್ಕೆ ಊರತ್ತೆ. ಅದ್ರಲ್ಲಿ ಕೂತಾಗ ತೊಡೆ ಹಿಡ್ಕೊಳ್ತಿತ್ತು. ಅತ್ತೆ, ನೀವೊಮ್ಮೆ ಕೂತು ನೋಡಿ."

ಅಮ್ಮ ಕೂತಳು. ಪಾದಗಳೆರಡೂ ನೆಲ ಮುಟ್ಟಿದವು. ಬೆನ್ನು ಹಿಂದಕ್ಕೆ ಒರಗಿತು, ಕಣ್ಣು ತಾನಾಗಿ ಮುಚ್ಚಿತು. "ಹೌದು ಕಣ್ರೀ" ಎಂದಳು, "ಇದು ಅದಕ್ಕಿಂತ ಚೆನ್ನಾಗಿದೆ."

ದೊಡ್ಡ ಭಾವನ ಲೋಟ ತುಟಿಯ ಬಳಿಯೇ ನಿಂತಿತು. ಹೊಟ್ಟೆಕಿಚ್ಚಿನಿಂದ ಕಡಿಮೆ ಮಾಡಿದ ಅರ್ಧ ಇಂಚು, ಷಡ್ಡಕನಿಗೆ ಹೋಗಿ ಸುಖವಾಗಿ ಕೂತಿತ್ತು.

ಮುಂದಿನ ಭಾನುವಾರ ಯಾರೂ ಕರೆಯದೆ ಅವರು ಬಂದರು. ಕಂಕುಳಲ್ಲಿ ಪೇಪರ್ ಸುತ್ತಿದ ಗರಗಸ. ಆ ದೊಡ್ಡ ಮಿಷನ್ ಏನಾಯಿತು ಎಂದರೆ, ಹೆಲ್ಮೆಟ್ ಸಮೇತ ಅಟ್ಟದ ಮೇಲೆ ಅಂಟು ಕಟ್ಟುತ್ತ ಮಲಗಿದೆ. ಭಾವ ಅಪ್ಪನ ಕುರ್ಚಿಯನ್ನು ಹಿತ್ತಲಿಗೆ ಒಯ್ದು ತಲೆಕೆಳಗು ಮಾಡಿ, ಕಾಲುಗಳ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದರು. ನಾನು ಕುರ್ಚಿಯನ್ನು ಅಲುಗದಂತೆ ಹಿಡಿದುಕೊಂಡೆ. ಅಷ್ಟರಲ್ಲಿ ಅಮ್ಮ ಒದ್ದೆ ಬಟ್ಟೆಯ ಬಕೆಟ್ ಹಿಡಿದು ಬಾಗಿಲಿಗೆ ಬಂದಳು.

"ಏನು ಮಾಡ್ತಿದ್ದೀರಿ?"

"ಕಾಲು ಸ್ವಲ್ಪ ಏರುಪೇರಾಗಿತ್ತು ಅತ್ತೆ. ಸಮ ಮಾಡ್ತಿದ್ದೆ."

ಅಮ್ಮ ಪೆನ್ಸಿಲ್ ಗೆರೆಯನ್ನು ನೋಡಿದಳು, ಒಳಗಿದ್ದ ಹೊಸ ಕುರ್ಚಿಯ ಕಾಲುಗಳನ್ನು ಬಗ್ಗಿ ನೋಡಿದಳು, ಅಳಿಯನ ಮುಖ ನೋಡಿದಳು. ಎಲ್ಲವೂ ಅವಳಿಗೆ ಅರ್ಥವಾಯಿತು. ಬಕೆಟ್ ಕೆಳಗಿಟ್ಟು ಒಂದು ಬಟ್ಟೆ ಹಿಂಡುತ್ತ ಹೇಳಿದಳು:

"ಮಾಡಿ. ನಿಮ್ಮ ಮಾವನೂ ಇದ್ದಾಗ ಎತ್ತರ ಜಾಸ್ತಿ ಅಂತಲೇ ಅಂತಿದ್ರು. ಆದ್ರೆ ಹೊಸದಕ್ಕೆ ಸಮ ಆದ್ಮೇಲೆ ನಿಲ್ಲಿಸಿಬಿಡಿ. ನೀವು ಒಂದೆಳೆ ಕೆಳಗೆ ಹೋದ್ರೆ ನಾಳೆ ಚಿಕ್ಕೋರೂ ಗರಗಸ ತರ್ತಾರೆ. ಹಿಂಗೇ ಕುಯ್ತಾ ಹೋದ್ರೆ ಇಬ್ಬರೂ ನನ್ನ ಮನೇಲಿ ನೆಲದ ಮೇಲೆ ಕೂರ್ಬೇಕಾಗತ್ತೆ."

ಭಾವನ ಕಿವಿ ಕೆಂಪಾಯಿತು. ಗೆರೆಯ ಮೇಲೆ ಗರಗಸ ಇಟ್ಟು, ಸರಿಯಾಗಿ ಅರ್ಧ ಇಂಚು ಕುಯ್ದರು.